ಗಣಕಯಂತ್ರದ ಲೆಕ್ಕಕ್ಕೆ ಕಾವಲು

ಪಣಂಬೂರಿನ ಕಡಲತೀರದಲ್ಲಿ ನಿಂತು ಪಡುವಣಕ್ಕೆ ಕಣ್ಣು ಹಾಯಿಸಿದರೆ, ಲಂಗರು ಇಳಿಸಿ ಸರದಿಗಾಗಿ ಕಾದಿರುವ ಹಡಗುಗಳು ಕಾಣಸಿಗುವುದುಂಟು. ಹಿಂದೆ ಮಂಗಳೂರಿಗೆ ಇದ್ದುದು ನದಿಗಳ ಅಳಿವೆಯ ಹಳೆಯ ಬಂದರು ಒಂದೇ. ಮಳೆಗಾಲ ಬಂತೆಂದರೆ ಅಲ್ಲಿಯ ವ್ಯವಹಾರಕ್ಕೆ ಬೀಗ. ಪಣಂಬೂರಿನಲ್ಲಿ ನೆಲವನ್ನು ಅಗೆದು, ಹೂಳೆತ್ತಿ, ಕೊಳದಂತಹ ಬಂದರೊಂದನ್ನು ಕಟ್ಟಿ, ಕಡಲಿನಿಂದ ಅದರೊಳಕ್ಕೆ ಆಳವಾದ ಕಾಲುವೆಯನ್ನು ತೋಡಿದ ಮೇಲೆ ವರ್ಷದ ಎಲ್ಲ ಕಾಲದಲ್ಲಿಯೂ ದೊಡ್ಡ ಹಡಗುಗಳು ಬಂದು ಹೋಗುವುದು ಸಾಧ್ಯವಾಯಿತು. 1974ರ ಮೇ 4ರಂದು ಇದು ದೇಶದ ಪ್ರಮುಖ ಬಂದರುಗಳಲ್ಲಿ ಒಂದೆಂದು ಘೋಷಿತವಾಯಿತು. 1975ರ ಜನವರಿ 11ರಂದು ಅಂದಿನ ಪ್ರಧಾನಮಂತ್ರಿ ಶ್ರೀಮತಿ ಇಂದಿರಾ ಗಾಂಧಿಯವರು ಇದನ್ನು ಉದ್ಘಾಟಿಸಿದರು.

ಇಂತಹ ಬಂದರಿನೊಳಕ್ಕೆ ಹಡಗೊಂದನ್ನು ಬಿಟ್ಟುಕೊಳ್ಳುವ ಮುನ್ನ ಒಂದು ಲೆಕ್ಕವನ್ನು ಮಾಡಲೇಬೇಕು. ಕಾಲುವೆಯ ಆಳ ಎಷ್ಟು? ಆ ಹೊತ್ತಿಗೆ ಸಮುದ್ರದ ಉಬ್ಬರ ಎಷ್ಟು? ಹಡಗಿನ ತಳ ನೀರಿನಲ್ಲಿ ಎಷ್ಟು ಕೆಳಗೆ ಇಳಿದಿದೆ? ನಾವಿಕರು ಈ ಕೊನೆಯದನ್ನು ಡ್ರಾಫ್ಟು ಎನ್ನುತ್ತಾರೆ. ಮೊದಲ ಎರಡನ್ನು ಕೂಡಿಸಿ, ಡ್ರಾಫ್ಟನ್ನು ಕಳೆದರೆ, ಹಡಗಿನ ತಳಕ್ಕೂ ಕಡಲಿನ ನೆಲಕ್ಕೂ ನಡುವೆ ಉಳಿಯುವ ನೀರು ಎಷ್ಟೆಂದು ತಿಳಿಯುತ್ತದೆ. ಅದು ಗೊತ್ತುಮಾಡಿದ ಮಿತಿಗಿಂತ ಕಡಮೆಯಾದರೆ ಹಡಗು ಕಾಯಬೇಕು.

ಲೆಕ್ಕವೇನೋ ಸುಲಭ. ಶಾಲೆಯ ಹುಡುಗನೂ ಮಾಡಿಯಾನು. ಆದರೆ ಇಂದು ಇಂತಹ ಲೆಕ್ಕಗಳನ್ನು ಎಲ್ಲೆಡೆಯೂ ಗಣಕಯಂತ್ರಕ್ಕೆ ಒಪ್ಪಿಸಲಾಗಿದೆ. ಬಂದರಿನ ಲೆಕ್ಕ ಹಾಗಿರಲಿ, ನಮ್ಮ ಮನೆಯ ವಿದ್ಯುತ್ತಿನ ಬಿಲ್ಲು, ಬ್ಯಾಂಕಿನ ಬಡ್ಡಿ, ರೈಲಿನ ಟಿಕೇಟು, ಪಡಿತರ ಚೀಟಿಯ ಹೆಸರು, ಇವೆಲ್ಲವೂ ಯಾರೋ ಬರೆದಿಟ್ಟ ಪ್ರೋಗ್ರಾಮಿನ ಮೂಲಕವೇ ನಮ್ಮ ಕೈಗೆ ಬರುತ್ತವೆ. ಆ ಪ್ರೋಗ್ರಾಮು ಸರಿಯಾಗಿದೆಯೆಂದು ನೋಡಿದವರು ಯಾರು? ಹೇಗೆ ನೋಡಿದರು? ಈ ಪ್ರಶ್ನೆಗೆ ಉತ್ತರವಾಗಿ ಬೆಳೆದು ಬಂದಿರುವ ಒಂದು ಶಿಸ್ತಿನ ಪರಿಚಯವನ್ನು ಇಲ್ಲಿ ಮಾಡಿಕೊಡಲಾಗಿದೆ. ವಿವರಣೆಗಾಗಿ ಹಡಗಿನ ಲೆಕ್ಕವನ್ನೇ ಹಿಡಿಯೋಣ. ಇಲ್ಲಿ ಬರುವ ಅಂಕಿಗಳು ಉದಾಹರಣೆಗಾಗಿ ಕಲ್ಪಿಸಿಕೊಂಡವು; ಯಾವ ಬಂದರಿನ ಕಡತದಿಂದಲೂ ತೆಗೆದವಲ್ಲ.

ಒಂದು ಅಗುಳು ಸಾಲದು

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳನ್ನು ಹಿಸುಕಿದರೆ ಸಾಕು ಎನ್ನುವುದು ನಮ್ಮ ಅಡುಗೆಮನೆಯ ಅನುಭವ. ಒಂದೇ ಪಾತ್ರೆ, ಒಂದೇ ನೀರು, ಒಂದೇ ಬೆಂಕಿ; ಆದುದರಿಂದ ಒಂದು ಅಗುಳಿನ ಸ್ಥಿತಿಯೇ ಎಲ್ಲ ಅಗುಳುಗಳ ಸ್ಥಿತಿ. ಪ್ರೋಗ್ರಾಮಿನ ವಿಷಯದಲ್ಲಿ ಈ ನ್ಯಾಯ ನಡೆಯುವುದಿಲ್ಲ. ಹದಿನಾಲ್ಕು ಮೀಟರಿನ ಡ್ರಾಫ್ಟಿಗೆ ಸರಿಯಾದ ಉತ್ತರವನ್ನು ಕೊಟ್ಟ ಪ್ರೋಗ್ರಾಮು ಹದಿನಾಲ್ಕೂಕಾಲು ಮೀಟರಿಗೂ ಸರಿಯಾದ ಉತ್ತರವನ್ನೇ ಕೊಡುತ್ತದೆಂದು ಹೇಳಲು ಬಾರದು. ಎಲ್ಲೋ ಒಂದು ಕಡೆ ಕೂಡುವ ಗುರುತಿನ ಬದಲು ಕಳೆಯುವ ಗುರುತು ಬಿದ್ದಿದ್ದರೆ, ಅದು ಕೆಲವು ಅಂಕಿಗಳಿಗೆ ಮಾತ್ರವೇ ತನ್ನ ಕೋರೆಹಲ್ಲನ್ನು ತೋರಿಸೀತು.

ಇನ್ನೊಂದು ಕಷ್ಟವೂ ಇದೆ. ಪ್ರೋಗ್ರಾಮು ಒಮ್ಮೆ ಬರೆದು ಮುಗಿಸಿ ಇಟ್ಟುಬಿಡುವ ವಸ್ತುವಲ್ಲ. ಇಂದು ಒಬ್ಬ ಇಂಜಿನಿಯರು ಒಂದು ಸಾಲನ್ನು ತಿದ್ದುತ್ತಾನೆ. ನಾಳೆ ಮತ್ತೊಬ್ಬಳು ಇನ್ನೊಂದು ಸೌಲಭ್ಯವನ್ನು ಸೇರಿಸುತ್ತಾಳೆ. ಮನೆಗೆ ಹೊಸ ಕಿಟಕಿ ಇಡುವಾಗ ಹಳೆಯ ಗೋಡೆಯಲ್ಲಿ ಬಿರುಕು ಬೀಳುವಂತೆ, ನಿನ್ನೆಯವರೆಗೆ ಸರಿಯಾಗಿದ್ದ ಭಾಗ ಇಂದು ಕೆಡಬಹುದು. ಪ್ರತಿಯೊಂದು ತಿದ್ದುಪಡಿಯ ನಂತರವೂ ಎಲ್ಲವನ್ನೂ ಕೈಯಿಂದ ಪರೀಕ್ಷಿಸುತ್ತ ಕುಳಿತರೆ ಕೆಲಸ ಸಾಗುವುದಿಲ್ಲ. ಪರೀಕ್ಷಿಸದೆ ಬಿಟ್ಟರೆ ಭಯ ತಪ್ಪುವುದಿಲ್ಲ.

ಇದಕ್ಕೆ ಕಂಡುಕೊಂಡ ಉಪಾಯ ಸರಳವಾದುದು: ಪರೀಕ್ಷೆಯನ್ನೂ ಗಣಕಯಂತ್ರಕ್ಕೇ ವಹಿಸುವುದು. ಇಂತಿಂತಹ ಅಂಕಿಗಳನ್ನು ಕೊಟ್ಟರೆ ಇಂತಿಂತಹ ಉತ್ತರ ಬರಬೇಕೆಂದು ಮೊದಲೇ ಬರೆದಿಡುತ್ತಾರೆ. ಹೀಗೆ ಬರೆದ ನೂರಾರು, ಸಾವಿರಾರು ಪ್ರಶ್ನೋತ್ತರಗಳ ಕಟ್ಟಿಗೆ ಪರೀಕ್ಷಾಮಾಲೆ ಎನ್ನಬಹುದು. ಇಂಜಿನಿಯರುಗಳು ಇದನ್ನು ಟೆಸ್ಟ್ ಸ್ಯೂಟ್ ಎಂದು ಕರೆಯುತ್ತಾರೆ. ಮೂಲ ಪ್ರೋಗ್ರಾಮನ್ನು ಯಾರು ಎಲ್ಲಿ ತಿದ್ದಿದರೂ ಸರಿ, ಈ ಮಾಲೆ ತಾನಾಗಿಯೇ ಮೊದಲಿನಿಂದ ಕೊನೆಯವರೆಗೆ ಓಡುತ್ತದೆ. ಎಲ್ಲವೂ ಸರಿಯಾಗಿದ್ದರೆ ಹಸಿರು ಗುರುತು. ಒಂದೇ ಒಂದು ತಪ್ಪಿದರೂ ಕೆಂಪು ಗುರುತು. ಕೆಂಪು ಬಿದ್ದ ತಿದ್ದುಪಡಿಯನ್ನು ಒಳಕ್ಕೆ ಬಿಟ್ಟುಕೊಳ್ಳುವುದಿಲ್ಲ.

ಈ ಪದ್ಧತಿಯನ್ನು ಜನಪ್ರಿಯಗೊಳಿಸಿದವರಲ್ಲಿ ಅಮೆರಿಕದ ಕೆಂಟ್ ಬೆಕ್ ಪ್ರಮುಖರು. ಅವರು 1990ರ ದಶಕದಲ್ಲಿ ಸ್ಮಾಲ್‌ಟಾಕ್ ಎಂಬ ಭಾಷೆಗಾಗಿ ಇಂತಹ ಪರೀಕ್ಷೆಯ ಚೌಕಟ್ಟೊಂದನ್ನು ರಚಿಸಿದರು. ಮುಂದೆ ಎರಿಕ್ ಗಾಮಾ ಅವರೊಡನೆ ಕೂಡಿ ಜಾವಾ ಭಾಷೆಗಾಗಿ ಜೆಯೂನಿಟ್ ಎಂಬುದನ್ನು ಸಿದ್ಧಪಡಿಸಿದರು. ಇಂದು ಈ ಬಗೆಯ ಚೌಕಟ್ಟು ಇಲ್ಲದ ಪ್ರೋಗ್ರಾಮಿಂಗ್ ಭಾಷೆಯೇ ಅಪರೂಪ.

ಮಡಿಯ ಅಡುಗೆ

ಪರೀಕ್ಷಾಮಾಲೆ ಎಲ್ಲ ಬಗೆಯ ಪ್ರೋಗ್ರಾಮುಗಳಿಗೂ ಉಪಯೋಗವೇ. ಆದರೆ ಒಂದು ಪಂಗಡದ ಪ್ರೋಗ್ರಾಮುಗಳಿಗೆ ಅದು ವಿಶೇಷವಾಗಿ ಒದಗಿಬರುತ್ತದೆ. ಇದಕ್ಕೆ ಫಂಕ್ಷನಲ್ ಪ್ರೋಗ್ರಾಮಿಂಗ್ ಎಂದು ಹೆಸರು. ಗಣಿತದಲ್ಲಿ ಫಂಕ್ಷನ್ ಎಂಬುದನ್ನು ನಾವು ಫಲನ ಎಂದು ಓದಿದ್ದೇವೆ. ಒಂದು ಸಂಖ್ಯೆಯನ್ನು ಕೊಟ್ಟರೆ ನಿಯಮದ ಪ್ರಕಾರ ಇನ್ನೊಂದನ್ನು ಕೊಡುವುದೇ ಫಲನ. ನಾಲ್ಕರ ವರ್ಗ ಹದಿನಾರು. ಇಂದು ಕೇಳಿದರೂ ಹದಿನಾರು, ನಾಳೆ ಕೇಳಿದರೂ ಹದಿನಾರು, ಪಣಂಬೂರಿನಲ್ಲಿಯೂ ಹದಿನಾರು, ಪ್ಯಾರಿಸ್ಸಿನಲ್ಲಿಯೂ ಹದಿನಾರು.

ಇಡೀ ಪ್ರೋಗ್ರಾಮನ್ನು ಇಂತಹ ಫಲನಗಳ ಜೋಡಣೆಯಾಗಿಯೇ ಕಟ್ಟಬೇಕೆನ್ನುವುದು ಈ ಪಂಥದ ಮತ. ಇದರ ಬೇರು 1930ರ ದಶಕದಲ್ಲಿ ಅಲೋಂಜೊ ಚರ್ಚ್ ಎಂಬ ತರ್ಕಶಾಸ್ತ್ರಜ್ಞರು ರೂಪಿಸಿದ ಲ್ಯಾಮ್ಡ ಗಣಿತದಲ್ಲಿದೆ. 1958ರ ಸುಮಾರಿಗೆ ಜಾನ್ ಮೆಕಾರ್ಥಿಯವರು ಲಿಸ್ಪ್ ಭಾಷೆಯನ್ನು ರೂಪಿಸತೊಡಗಿದರು. ಹ್ಯಾಸ್ಕೆಲ್ ಕರಿ ಎಂಬ ತರ್ಕಶಾಸ್ತ್ರಜ್ಞರ ಹೆಸರನ್ನೇ ಹೊತ್ತ ಹ್ಯಾಸ್ಕೆಲ್ ಭಾಷೆಯ ಮೊದಲ ವಿವರಣೆ 1990ರಲ್ಲಿ ಪ್ರಕಟವಾಯಿತು.

ಹ್ಯಾಸ್ಕೆಲ್ಲಿನವರು ಶುದ್ಧ ಫಲನ ಎಂಬ ಮಾತನ್ನು ಆಡುತ್ತಾರೆ. ನಮ್ಮ ಹಿಂದಿನ ಮನೆಗಳ ಮಡಿಯ ಅಡುಗೆಯನ್ನು ನೆನೆದರೆ ಇದರ ಅರ್ಥ ಬೇಗ ಆಗುತ್ತದೆ. ಮಡಿಯಲ್ಲಿರುವವರು ಹೊರಗಿನ ಯಾವುದನ್ನೂ ಮುಟ್ಟುವಂತಿಲ್ಲ. ಅವರಿಗೆ ಏನು ಬೇಕೋ ಅದನ್ನು ಇತರರು ತಂದು ಮುಂದಿಡಬೇಕು. ಶುದ್ಧ ಫಲನವೂ ಹಾಗೆಯೇ. ಅದು ತಾನಾಗಿ ಗಡಿಯಾರವನ್ನು ನೋಡುವುದಿಲ್ಲ, ಉಬ್ಬರದ ಮಾಪಕವನ್ನು ಓದುವುದಿಲ್ಲ, ಯಾವ ರಿಜಿಸ್ಟರಿನಲ್ಲಿಯೂ ಗೀಚುವುದಿಲ್ಲ. ಕೊಟ್ಟ ಅಂಕಿಗಳನ್ನು ತೆಗೆದುಕೊಂಡು ಉತ್ತರವನ್ನು ಕೊಡುತ್ತದೆ, ಅಷ್ಟೇ.

ಪರೀಕ್ಷಕನಿಗೆ ಇದರಿಂದ ಎಷ್ಟು ಅನುಕೂಲವೆಂದು ನೋಡಿ. ಹಡಗಿನ ಲೆಕ್ಕವು ತಾನೇ ಮಾಪಕವನ್ನು ಓದುವಂತಿದ್ದರೆ, ಇಳಿತದ ಹೊತ್ತಿನ ಉತ್ತರವನ್ನು ಪರೀಕ್ಷಿಸಲು ಕಡಲು ಇಳಿಯುವ ತನಕ ಕಾಯಬೇಕಾಗಿತ್ತು! ಉಬ್ಬರವನ್ನು ಒಂದು ಅಂಕಿಯಾಗಿ ಹೊರಗಿನಿಂದ ಕೊಡುವಂತೆ ಬರೆದಿದ್ದರೆ, ಹುಣ್ಣಿಮೆಯ ಉಬ್ಬರವನ್ನೂ ಅಷ್ಟಮಿಯ ಉಬ್ಬರವನ್ನೂ ಒಂದೇ ಕ್ಷಣದಲ್ಲಿ ಪರೀಕ್ಷಿಸಬಹುದು. ಒಂದು ಪರೀಕ್ಷೆ ಇನ್ನೊಂದರ ವಸ್ತುವನ್ನು ಮುಟ್ಟದಿರುವುದರಿಂದ ಅವನ್ನು ಯಾವ ಕ್ರಮದಲ್ಲಿ ಬೇಕಾದರೂ ನಡೆಸಬಹುದು, ಹತ್ತಾರನ್ನು ಒಟ್ಟಿಗೂ ನಡೆಸಬಹುದು.

ಹಾಗಾದರೆ ಗಡಿಯಾರವನ್ನು ಯಾರು ನೋಡಬೇಕು? ರಿಜಿಸ್ಟರನ್ನು ಯಾರು ಬರೆಯಬೇಕು? ನಮ್ಮ ಕರಾವಳಿಯ ಮನೆಗಳಲ್ಲಿ ಹೊರಗಿನವರು ಬಂದು ಕೂರುವ ಚಾವಡಿ ಬೇರೆ, ಒಳಮನೆ ಬೇರೆ. ಪ್ರೋಗ್ರಾಮನ್ನೂ ಹಾಗೆಯೇ ವಿಭಾಗಿಸುತ್ತಾರೆ. ಹೊರಲೋಕದೊಡನೆ ವ್ಯವಹರಿಸುವ ಭಾಗವನ್ನು ಚಾವಡಿಯಲ್ಲಿಟ್ಟು, ಆದಷ್ಟು ತೆಳುವಾಗಿಸಿ, ಲೆಕ್ಕವನ್ನೆಲ್ಲ ಒಳಮನೆಗೆ ಸೇರಿಸುತ್ತಾರೆ. ಪರೀಕ್ಷೆಯ ಬಹುಪಾಲು ಒಳಮನೆಯಲ್ಲಿ ನಡೆಯುತ್ತದೆ.

ಅಡಿಯೋ ಮೀಟರೋ

ಪರೀಕ್ಷೆಗೂ ಮೊದಲೇ ನಿಲ್ಲುವ ಇನ್ನೊಬ್ಬ ಕಾವಲುಗಾರನಿದ್ದಾನೆ. ಹ್ಯಾಸ್ಕೆಲ್‌ನಂತಹ ಭಾಷೆಗಳಲ್ಲಿ ಪ್ರತಿಯೊಂದು ಬೆಲೆಗೂ ಒಂದು ಜಾತಿಯುಂಟು. ಇದನ್ನು ಟೈಪ್ ಎನ್ನುತ್ತಾರೆ. ಮೀಟರಿನಲ್ಲಿರುವ ಆಳ ಒಂದು ಟೈಪು, ಅಡಿಯಲ್ಲಿರುವ ಆಳ ಇನ್ನೊಂದು ಟೈಪು ಎಂದು ಘೋಷಿಸಿಟ್ಟರೆ, ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟ ಪ್ರೋಗ್ರಾಮು ಓಡುವುದೇ ಇಲ್ಲ, ಬಾಗಿಲಲ್ಲಿಯೇ ತಡೆ.

ಇದೇನು ಅತಿಯಾದ ಜಾಗರೂಕತೆ ಎನ್ನಿಸಬಹುದು. 1999ರ ಸೆಪ್ಟೆಂಬರ್ 23ರಂದು ಮಂಗಳ ಗ್ರಹವನ್ನು ಸುತ್ತಬೇಕಾಗಿದ್ದ ಅಮೆರಿಕದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ನಾಶವಾದುದು ಇದೇ ಕಾರಣದಿಂದ. ನೆಲದ ಮೇಲಿನ ಒಂದು ಪ್ರೋಗ್ರಾಮು ಎಂಜಿನ್ನಿನ ನೂಕುಬಲದ ಲೆಕ್ಕವನ್ನು ಪೌಂಡಿನಲ್ಲಿ ಕೊಟ್ಟಿತು. ಅದನ್ನು ತೆಗೆದುಕೊಂಡ ಇನ್ನೊಂದು ಪ್ರೋಗ್ರಾಮು ಅದು ನ್ಯೂಟನ್ ಎಂಬ ಮೆಟ್ರಿಕ್ ಮಾನದಲ್ಲಿದೆಯೆಂದು ತಿಳಿಯಿತು. ನೌಕೆ ಗ್ರಹಕ್ಕೆ ತೀರ ಹತ್ತಿರವಾಗಿ ಕೆಟ್ಟಿತು. ಅಂಕಿ ತಪ್ಪಿರಲಿಲ್ಲ; ಅದರ ಮೇಲೆ ಚೀಟಿ ಅಂಟಿಸಿರಲಿಲ್ಲ.

ಟೈಪು ಇದ್ದ ಮಾತ್ರಕ್ಕೆ ಪರೀಕ್ಷೆ ಬೇಡವೆಂದಲ್ಲ. ಎರಡು ಮೀಟರುಗಳನ್ನು ಕೂಡಿಸುವ ಬದಲು ಕಳೆದರೆ ಉತ್ತರವೂ ಮೀಟರೇ. ಟೈಪಿನ ಕಾವಲುಗಾರ ಸುಮ್ಮನೆ ಬಿಟ್ಟುಬಿಡುತ್ತಾನೆ.

ಸಾವಿರ ಹಡಗುಗಳನ್ನು ಕಲ್ಪಿಸುವ ಯಂತ್ರ

ಈಗ ಪರೀಕ್ಷಾಮಾಲೆಯೊಳಗೆ ಹೊಕ್ಕು ನೋಡೋಣ. ಕೆಳಗೆ ಒಂದೂವರೆ ಮೀಟರು ನೀರು ಉಳಿಯಲೇಬೇಕೆಂದು ನಿಯಮವಿದೆಯೆನ್ನಿ. ಕಾಲುವೆಯ ಆಳ 15 ಮೀಟರು, ಉಬ್ಬರ 1 ಮೀಟರು, ಡ್ರಾಫ್ಟು 14 ಮೀಟರು. ಉಳಿಯುವ ನೀರು 2 ಮೀಟರು, ಹಡಗು ಬರಬಹುದು. ಇದು ಮೊದಲ ಪರೀಕ್ಷೆ. ಉಬ್ಬರ ಶೂನ್ಯವಾದರೆ ಉಳಿಯುವುದು 1 ಮೀಟರು, ಬರಕೂಡದು. ಇದು ಎರಡನೆಯದು. ಉಬ್ಬರ ಅರ್ಧ ಮೀಟರಾದರೆ? ಉಳಿಯುವುದು ಸರಿಯಾಗಿ ಒಂದೂವರೆ. ಬರಬಹುದೋ ಬಾರದೋ? ನಿಯಮವನ್ನು ಬರೆದವರನ್ನೇ ಕೇಳಬೇಕು. ಅನುಭವಿ ಪರೀಕ್ಷಕರು ಯಾವಾಗಲೂ ಇಂತಹ ಗಡಿಗಳನ್ನೇ ಹುಡುಕಿಕೊಂಡು ಹೋಗುತ್ತಾರೆ. ‘ಕಡಮೆಯಾಗಿರಬಾರದು’ ಎನ್ನುವುದಕ್ಕೂ ‘ಹೆಚ್ಚಾಗಿರಬೇಕು’ ಎನ್ನುವುದಕ್ಕೂ ಇರುವ ವ್ಯತ್ಯಾಸ ಗಡಿಯಲ್ಲಿ ಮಾತ್ರ ಹೊರಬೀಳುತ್ತದೆ.

ಹೀಗೆ ಒಂದೊಂದೇ ಪ್ರಶ್ನೆಯನ್ನು ಬರೆಯುವಾಗ ಒಂದು ಕೊರತೆ ಉಳಿಯುತ್ತದೆ. ಬರೆಯುವವನ ಬುದ್ಧಿಗೆ ಹೊಳೆದುದಷ್ಟೇ ಪ್ರಶ್ನೆಯಾಗುತ್ತದೆ. ಹೊಳೆಯದೆ ಹೋದ ಸಂದರ್ಭದಲ್ಲಿಯೇ ತಪ್ಪು ಅಡಗಿರುತ್ತದೆ. ಈ ಕೊರತೆಯನ್ನು ತುಂಬಲು 2000ದಲ್ಲಿ ಸ್ವೀಡನ್ನಿನ ಚಾಮರ್ಸ್ ತಾಂತ್ರಿಕ ವಿಶ್ವವಿದ್ಯಾಲಯದ ಕೂನ್ ಕ್ಲಾಸೆನ್ ಮತ್ತು ಜಾನ್ ಹ್ಯೂಸ್ ಎಂಬಿಬ್ಬರು ಕ್ವಿಕ್‌ಚೆಕ್ ಎಂಬ ಉಪಕರಣವನ್ನು ಹ್ಯಾಸ್ಕೆಲ್ ಭಾಷೆಗಾಗಿ ಪ್ರಕಟಿಸಿದರು.

ಇದರಲ್ಲಿ ಪ್ರಶ್ನೆಗಳನ್ನು ಬರೆಯುವ ಹಾಗಿಲ್ಲ. ಉತ್ತರಗಳಿಗೆ ಇರಬೇಕಾದ ಲಕ್ಷಣವನ್ನು ಬರೆಯಬೇಕು. ಉದಾಹರಣೆಗೆ: ಉಳಿದುದೆಲ್ಲ ಹಾಗೆಯೇ ಇದ್ದು ಉಬ್ಬರ ಕಡಮೆಯಾದರೆ, ‘ಬೇಡ’ ಎಂಬ ಉತ್ತರ ‘ಬರಬಹುದು’ ಎಂದು ತಿರುಗಕೂಡದು. ಇದು ಯಾವ ಹಡಗಿಗೂ, ಯಾವ ದಿನಕ್ಕೂ ಸಲ್ಲುವ ಮಾತು. ಲಕ್ಷಣವನ್ನು ಕೊಟ್ಟ ಮೇಲೆ ಪ್ರಶ್ನೆಗಳನ್ನು ಹುಟ್ಟಿಸುವ ಕೆಲಸ ಯಂತ್ರದ್ದು. ಅದು ಮನಸ್ಸಿಗೆ ಬಂದಂತೆ ಆಳ, ಉಬ್ಬರ, ಡ್ರಾಫ್ಟುಗಳನ್ನು ಆರಿಸಿ, ಸಾಮಾನ್ಯವಾಗಿ ಒಂದೊಂದು ಲಕ್ಷಣಕ್ಕೆ ನೂರು ಸಲ ಪರೀಕ್ಷಿಸುತ್ತದೆ. ಬೇಕೆಂದರೆ ಲಕ್ಷ ಸಲವೂ ಮಾಡಬಹುದು. ಹಡಗಿನ ಸರಕನ್ನು ಪರೀಕ್ಷಿಸುವವರು ರಾಶಿಯ ಮೇಲಿನಿಂದ ಮಾತ್ರ ಮಾದರಿಯನ್ನು ತೆಗೆಯದೆ, ನಡುವಿನಿಂದಲೂ ಅಡಿಯಿಂದಲೂ ತೆಗೆಯುವುದಿಲ್ಲವೇ? ಇದೂ ಹಾಗೆಯೇ.

ಪ್ರೋಗ್ರಾಮು ಬರೆದವನು ಉಬ್ಬರದ ಅಂಕಿಯ ಮುಂದಿನ ಕಳೆಯುವ ಗುರುತನ್ನು ಮರೆತು ಬಿಟ್ಟಿದ್ದಾನೆ ಎಂದುಕೊಳ್ಳಿ. ನೀರಿನ ಮಟ್ಟ ನಕ್ಷೆಯ ಮೂಲಮಟ್ಟಕ್ಕಿಂತಲೂ ಕೆಳಗೆ ಇಳಿಯುವುದು ಅಪರೂಪ. ಆದುದರಿಂದ ಅವನಿಗೆ ಆ ಸಂದರ್ಭ ಹೊಳೆದೇ ಇರಲಿಲ್ಲ. ಯಂತ್ರ ಆರಿಸಿದ ಅಂಕಿಗಳು ಹೀಗಿವೆ: ಆಳ 14.37, ಡ್ರಾಫ್ಟು 12.96. ಉಬ್ಬರ ಶೂನ್ಯವಾದಾಗ ಉಳಿಯುವ ನೀರು 1.41, ಉತ್ತರ ‘ಬೇಡ’. ಉಬ್ಬರ ಶೂನ್ಯಕ್ಕಿಂತ 0.82 ಕೆಳಗಿಳಿದಾಗ ಉಳಿಯುವುದು ನಿಜಕ್ಕೂ 0.59. ಆದರೆ ಕಳೆಯುವ ಗುರುತನ್ನು ನುಂಗಿದ ಪ್ರೋಗ್ರಾಮು 0.82ನ್ನು ಕೂಡಿಸಿ 2.23 ಎಂದು ಎಣಿಸಿ ‘ಬರಬಹುದು’ ಎಂದುಬಿಟ್ಟಿತು! ನೀರು ಇಳಿದಾಗ ಬಾಗಿಲು ತೆರೆದಂತಾಯಿತು. ಲಕ್ಷಣ ಮುರಿಯಿತು, ಕೆಂಪು ಗುರುತು ಬಿತ್ತು.

ಇಲ್ಲಿ ಕ್ವಿಕ್‌ಚೆಕ್ಕಿನ ಇನ್ನೊಂದು ಜಾಣತನವಿದೆ. ದಶಾಂಶಗಳಿಂದ ತುಂಬಿದ ಅಂಕಿಗಳನ್ನು ನೋಡಿ ಮನುಷ್ಯನಿಗೆ ತಪ್ಪಿನ ಸುಳಿವು ಸಿಗುವುದು ಕಷ್ಟ. ಆದುದರಿಂದ ಉಪಕರಣವು ಆ ಅಂಕಿಗಳನ್ನು ಕುಗ್ಗಿಸುತ್ತ, ತಪ್ಪು ಇನ್ನೂ ಉಳಿದಿದೆಯೇ ಎಂದು ನೋಡುತ್ತ ಹೋಗುತ್ತದೆ. ಕೊನೆಗೆ ಅದು ನಮ್ಮ ಮುಂದಿಡುವುದು ಇಂತಹ ಒಂದು ಸಂಗತಿ: ಆಳ 0, ಡ್ರಾಫ್ಟು 0, ಉಬ್ಬರ ಶೂನ್ಯಕ್ಕಿಂತ 2 ಕೆಳಗೆ. ಇಂತಹ ಬಂದರೂ ಇಲ್ಲ, ಇಂತಹ ಹಡಗೂ ಇಲ್ಲ. ಆದರೆ ಇದನ್ನು ನೋಡಿದ ಕೂಡಲೇ ತಪ್ಪು ಇರುವುದು ಉಬ್ಬರದ ಗುರುತಿನಲ್ಲಿ ಎಂದು ಯಾರಿಗಾದರೂ ಹೊಳೆಯುತ್ತದೆ. ಹೊಟ್ಟೆಲ್ಲ ಹಾರಿ ಕಾಳು ಮಾತ್ರ ಮೊರದಲ್ಲಿ ಉಳಿದಂತೆ.

ಇದು ಬರಿಯ ಪಾಠಶಾಲೆಯ ಆಟವಲ್ಲ. ಜಾನ್ ಹ್ಯೂಸ್ ಅವರು ಕಟ್ಟಿದ ಸಂಸ್ಥೆಯು ವೋಲ್ವೊ ಮೋಟಾರು ಕಂಪೆನಿಗಾಗಿ ಕಾರುಗಳ ಒಳಗಿನ ಪ್ರೋಗ್ರಾಮುಗಳನ್ನು ಈ ವಿಧಾನದಿಂದ ಪರೀಕ್ಷಿಸಿತು. ಸುಮಾರು 3,000 ಪುಟಗಳ ನಿಯಮಾವಳಿಯನ್ನು ಲಕ್ಷಣಗಳಾಗಿ ಬರೆದು ನೋಡಿದಾಗ 200ಕ್ಕೂ ಹೆಚ್ಚು ದೋಷಗಳು ಸಿಕ್ಕವು. ಅವುಗಳಲ್ಲಿ ನೂರಕ್ಕೂ ಹೆಚ್ಚು ದೋಷಗಳು ಇದ್ದುದು ಪ್ರೋಗ್ರಾಮುಗಳಲ್ಲಲ್ಲ, ನಿಯಮಾವಳಿಯಲ್ಲಿಯೇ!

ಹೆಸರು ಕೆಡಿಸುವ ಲೆಕ್ಕ

ಲಕ್ಷಣವನ್ನು ಬರೆಯುವುದರಲ್ಲಿಯೂ ಎಚ್ಚರ ಬೇಕು. ಇದಕ್ಕೆ ನಮ್ಮ ಕನ್ನಡವೇ ಒಳ್ಳೆಯ ನಿದರ್ಶನವನ್ನು ಒದಗಿಸುತ್ತದೆ. ‘ಪಣಂಬೂರು’ ಎಂಬುದರಲ್ಲಿ ನಾವು ಎಣಿಸುವ ಅಕ್ಷರಗಳು ನಾಲ್ಕು: ಪ, ಣಂ, ಬೂ, ರು. ಗಣಕಯಂತ್ರದ ಯೂನಿಕೋಡ್ ವ್ಯವಸ್ಥೆಯಲ್ಲಿ ಸೊನ್ನೆ, ಕೊಂಬು ಮೊದಲಾದವಕ್ಕೂ ಬೇರೆ ಬೇರೆ ಸಂಕೇತಗಳಿರುವುದರಿಂದ ಯಂತ್ರದ ಎಣಿಕೆ ಏಳು. ‘ಸ್ತ್ರೀ’ ನಮಗೆ ಒಂದೇ ಅಕ್ಷರ. ಯಂತ್ರಕ್ಕೆ ಆರು ಸಂಕೇತ.

ಒಂದು ಪದವನ್ನು ಹಿಂದುಮುಂದಾಗಿಸುವ ಫಲನವನ್ನು ಬರೆದರೆನ್ನಿ. ಅದಕ್ಕೆ ಎಲ್ಲರಿಗೂ ಹೊಳೆಯುವ ಲಕ್ಷಣ, ಎರಡು ಸಲ ತಿರುಗಿಸಿದರೆ ಮೂಲ ಪದವೇ ಬರಬೇಕು ಎಂಬುದು. ಸಂಕೇತಗಳನ್ನು ತಿರುಗಿಸುವ ಫಲನ ಈ ಪರೀಕ್ಷೆಯಲ್ಲಿ ಸುಲಭವಾಗಿ ತೇರ್ಗಡೆಯಾಗುತ್ತದೆ. ಆದರೆ ಒಂದೇ ಸಲ ತಿರುಗಿಸಿ ನೋಡಿದರೆ, ‘ರುಬೂಣಂಪ’ ಎಂದು ಬರಬೇಕಾದಲ್ಲಿ ಮೊದಲಿಗೆ ಒಂಟಿ ಕೊಂಬು ಗಾಳಿಯಲ್ಲಿ ತೂಗುತ್ತದೆ. ಬಕಾರದ ಕೊಂಬಿನ ದೀರ್ಘ ರಕಾರಕ್ಕೆ ಹತ್ತುತ್ತದೆ. ಣಕಾರದ ಸೊನ್ನೆ ಬಕಾರಕ್ಕೆ ಹೋಗುತ್ತದೆ. ಎರಡು ಸಲ ಕೆಡಿಸಿದರೆ ಸರಿಯಾಗುವ ತಪ್ಪನ್ನು ಎರಡು ಸಲದ ಪರೀಕ್ಷೆ ಹಿಡಿಯಲಾರದು. ತಿರುಗಿಸಿದ ಪದ ಸ್ವರಚಿಹ್ನೆಯಿಂದ ಆರಂಭವಾಗಕೂಡದು, ಅಕ್ಷರಗಳ ಎಣಿಕೆ ಬದಲಾಗಕೂಡದು ಎಂಬ ಇನ್ನೆರಡು ಲಕ್ಷಣಗಳನ್ನು ಸೇರಿಸಿದರೆ ಮಾತ್ರ ಕೆಂಪು ಗುರುತು ಬೀಳುತ್ತದೆ.

ಪದವನ್ನು ಹಿಂದುಮುಂದು ಮಾಡುವವರು ಯಾರು ಎಂದು ನಗಬೇಡಿ. ಕಿರಿದಾದ ಅಂಕಣದಲ್ಲಿ ಹಿಡಿಸಲೆಂದು ಹೆಸರನ್ನು ಕತ್ತರಿಸುವ ಪ್ರೋಗ್ರಾಮು ಇದೇ ತಪ್ಪನ್ನು ಮಾಡಿದರೆ, ‘ರಾಮು’ ಎಂಬುದರ ನಾಲ್ಕು ಸಂಕೇತಗಳಲ್ಲಿ ಮೂರು ಮಾತ್ರ ಉಳಿದು ‘ರಾಮ’ನಾಗುತ್ತಾನೆ. ಅಣ್ಣನ ಹೆಸರು ರಾಮ, ತಮ್ಮನ ಹೆಸರು ರಾಮು ಎಂದಿರುವ ಮನೆಯಲ್ಲಿ ಪಡಿತರ ಯಾರದು, ಪಿಂಚಣಿ ಯಾರದು? ಇಂಗ್ಲಿಷ್ ಹೆಸರುಗಳಿಂದ ಮಾತ್ರ ಪರೀಕ್ಷಿಸಿದ ಪ್ರೋಗ್ರಾಮು ಕನ್ನಡದ ಹೆಸರಿಗೆ ನ್ಯಾಯ ಸಲ್ಲಿಸೀತೆಂದು ನಂಬುವ ಹಾಗಿಲ್ಲ. ಪರೀಕ್ಷೆಯ ಅಂಕಿಗಳೂ ಹೆಸರುಗಳೂ ಬಳಸುವ ಜನರ ನಡುವಿನಿಂದಲೇ ಬರಬೇಕು.

ಮಾಲೆಯನ್ನು ಓಡಿಸುವ ಕ್ರಮ

ಇನ್ನು ಈ ಮಾಲೆಯನ್ನು ದಿನನಿತ್ಯ ನಡೆಸುವ ರೀತಿ. ಹ್ಯಾಸ್ಕೆಲ್ ಯೋಜನೆಯೊಂದರಲ್ಲಿ ‘ಕಬಾಲ್ ಟೆಸ್ಟ್’ ಎಂಬ ಎರಡು ಪದಗಳ ಆಜ್ಞೆಯನ್ನು ಕೊಟ್ಟರೆ, ಯೋಜನೆಯ ವಿವರಪಟ್ಟಿಯಲ್ಲಿ ನಮೂದಿಸಿದ ಪರೀಕ್ಷಾಮಾಲೆಗಳು ಸಿದ್ಧವಾಗಿ ಓಡುತ್ತವೆ. ಮಾಲೆಯೂ ಒಂದು ಪ್ರೋಗ್ರಾಮೇ. ಅದು ಮುಗಿಯುವಾಗ ಸೊನ್ನೆಯನ್ನು ಹಿಂದಿರುಗಿಸಿದರೆ ಎಲ್ಲವೂ ಕ್ಷೇಮ. ಬೇರೆ ಯಾವ ಸಂಖ್ಯೆ ಬಂದರೂ ಏನೋ ತಪ್ಪಿದೆಯೆಂದು ಅರ್ಥ. ಈ ಒಂದು ಸಂಖ್ಯೆಯನ್ನು ನೋಡಿಕೊಂಡೇ ಮುಂದಿನ ಯಂತ್ರ ಹೊಸ ತಿದ್ದುಪಡಿಯನ್ನು ಒಳಗೆ ಬಿಡುತ್ತದೆ ಅಥವಾ ತಡೆಯುತ್ತದೆ.

ನಡೆಸುವವರು ಮೂರು ಮಾತುಗಳನ್ನು ಮರೆಯಬಾರದು. ಮೊದಲನೆಯದು, ಮಾಲೆ ಚುರುಕಾಗಿರಬೇಕು. ಫಲಿತಾಂಶಕ್ಕಾಗಿ ಗಂಟೆಗಟ್ಟಲೆ ಕಾಯಬೇಕಾದರೆ ಜನ ಅದನ್ನು ನಡೆಸುವುದನ್ನೇ ಬಿಡುತ್ತಾರೆ. ಆದುದರಿಂದ ಚಿಕ್ಕ ಪರೀಕ್ಷೆಗಳನ್ನು ಪ್ರತಿ ತಿದ್ದುಪಡಿಗೂ, ದೀರ್ಘವಾದವನ್ನು ರಾತ್ರಿಯ ಹೊತ್ತಿಗೂ ಹಂಚುವುದುಂಟು.

ಎರಡನೆಯದು, ಒಮ್ಮೆ ಕಂಡ ತಪ್ಪು ಮತ್ತೆ ಕಾಣುವಂತಿರಬೇಕು. ಯಂತ್ರ ಮನಸ್ಸಿಗೆ ಬಂದಂತೆ ಅಂಕಿಗಳನ್ನು ಆರಿಸುತ್ತದೆಯೆಂದೆವಷ್ಟೆ? ನಿಜಕ್ಕೂ ಅದು ಒಂದು ಬೀಜಸಂಖ್ಯೆಯಿಂದ ಆ ಅಂಕಿಗಳನ್ನೆಲ್ಲ ಬೆಳೆಸುತ್ತದೆ. ಆ ಬೀಜವನ್ನು ಬರೆದಿಟ್ಟುಕೊಂಡರೆ ಅದೇ ಬೆಳೆಯನ್ನು ಎಷ್ಟು ಸಲ ಬೇಕಾದರೂ ತೆಗೆಯಬಹುದು.

ಮೂರನೆಯದು, ಒಮ್ಮೆ ಹಸಿರು, ಒಮ್ಮೆ ಕೆಂಪು ತೋರಿಸುವ ಚಂಚಲ ಪರೀಕ್ಷೆಯನ್ನು ಸಹಿಸಬಾರದು. ಇದಕ್ಕೆ ಬಹುಮಟ್ಟಿಗೆ ಕಾರಣ ಗಡಿಯಾರವೋ ಜಾಲಸಂಪರ್ಕವೋ ಒಳಮನೆಗೆ ನುಸುಳಿರುವುದು. ತೋಳ ಬಂತು ತೋಳ ಎಂದು ಸುಮ್ಮಸುಮ್ಮನೆ ಕೂಗಿದ ಹುಡುಗನ ಕಥೆ ಎಲ್ಲರಿಗೂ ಗೊತ್ತಿದೆ. ಕೆಂಪು ಗುರುತನ್ನು ಕಂಡೂ ‘ಇನ್ನೊಮ್ಮೆ ಓಡಿಸಿ ನೋಡೋಣ’ ಎನ್ನುವ ಅಭ್ಯಾಸ ಬೆಳೆದರೆ ನಿಜವಾದ ತೋಳ ಬಂದ ದಿನ ಯಾರೂ ಏಳುವುದಿಲ್ಲ.

ಕೆಂಪು ಬಿದ್ದಾಗಲೆಲ್ಲ ಪ್ರೋಗ್ರಾಮೇ ತಪ್ಪೆಂದು ತಿಳಿಯುವುದೂ ಸರಿಯಲ್ಲ. ಬೆಂಗಳೂರಿನ ಆಟೋರಿಕ್ಷಾ ದರವನ್ನು ನೋಡಿ. 2021ರ ಡಿಸೆಂಬರಿನಿಂದ ಮೊದಲ ಎರಡು ಕಿಲೋಮೀಟರಿಗೆ 30 ರೂಪಾಯಿ, ಮುಂದೆ ಕಿಲೋಮೀಟರಿಗೆ 15 ರೂಪಾಯಿ ಎಂದಿತ್ತು. ಐದು ಕಿಲೋಮೀಟರಿಗೆ 75 ರೂಪಾಯಿ. 2025ರ ಆಗಸ್ಟ್ 1ರಿಂದ ಈ ದರಗಳು 36 ಮತ್ತು 18 ರೂಪಾಯಿಗಳಾದವು. ಅದೇ ದಾರಿಗೆ 90 ರೂಪಾಯಿ. ದರ ಬದಲಾದ ದಿನ, 75 ಎಂದು ಬರೆದಿಟ್ಟ ಹಳೆಯ ಪರೀಕ್ಷೆ ಕೆಂಪಾಗಲೇಬೇಕು. ಆಗದಿದ್ದರೆ ಹೊಸ ದರ ಜಾರಿಗೇ ಬಂದಿಲ್ಲವೆಂದು ಅರ್ಥ. ನಿಯಮ ಬದಲಾದರೆ ಪರೀಕ್ಷೆಯನ್ನು ತಿದ್ದಬೇಕು. ನಿಯಮ ಬದಲಾಗದಿದ್ದರೆ ಪ್ರೋಗ್ರಾಮನ್ನು ತಿದ್ದಬೇಕು. ಯಾವುದನ್ನು ತಿದ್ದಬೇಕೆಂಬ ನಿರ್ಧಾರ ಯಂತ್ರದ್ದಲ್ಲ, ಮನುಷ್ಯನದು. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಒಂದೂವರೆ ಪಟ್ಟು ಎಂಬ ನಿಯಮವೂ ಇದೆ. ಒಂಬತ್ತೂ ಐವತ್ತಕ್ಕೆ ಹೊರಟು ಹತ್ತೂ ಹತ್ತಕ್ಕೆ ಇಳಿದವರ ಬಾಡಿಗೆ ಎಷ್ಟು? ಪರೀಕ್ಷೆ ಬರೆಯಲು ಕುಳಿತವರಿಗೆ ಇಂತಹ ಪ್ರಶ್ನೆ ತಾನಾಗಿ ಎದುರಾಗುತ್ತದೆ. ಬೀದಿಯಲ್ಲಿ ಜಗಳವಾಗುವುದಕ್ಕಿಂತ ಮೊದಲೇ ಎದುರಾಗುವುದು ಒಳ್ಳೆಯದು.

ಆಟೋವಿನ ಮಾತು ಇಲ್ಲಿ ಸುಮ್ಮನೆ ಬಂದುದಲ್ಲ. 2022ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಆಟೋ ಚಾಲಕರ ಸಂಘದ ಬೆಂಬಲದೊಡನೆ ಆರಂಭವಾದ ‘ನಮ್ಮ ಯಾತ್ರಿ’ ಎಂಬ ವ್ಯವಸ್ಥೆಯ ಹಿಂಬದಿಯ ಪ್ರೋಗ್ರಾಮುಗಳನ್ನು ಜಸ್‌ಪೇ ಸಂಸ್ಥೆಯ ಇಂಜಿನಿಯರುಗಳು ಬರೆದುದು ಹ್ಯಾಸ್ಕೆಲ್ ಭಾಷೆಯಲ್ಲಿ. ಅದರ ಮೂಲಪ್ರತಿಯನ್ನು ಯಾರು ಬೇಕಾದರೂ ತೆರೆದು ಓದುವಂತೆ ಸಾರ್ವಜನಿಕವಾಗಿ ಇಟ್ಟರು. ಈ ಬಗೆಯ ಪ್ರೋಗ್ರಾಮಿಂಗಿಗೆ ಮೀಸಲಾದ ಫಂಕ್ಷನಲ್ ಕಾನ್ಫ್ ಎಂಬ ಸಮ್ಮೇಳನ 2014ರಲ್ಲಿ ಬೆಂಗಳೂರಿನಲ್ಲಿಯೇ ಪ್ರಾರಂಭವಾಯಿತು. ಗಣಿತದ ತರಗತಿಯಲ್ಲಿ ಹುಟ್ಟಿದ ವಿದ್ಯೆ ನಮ್ಮ ಬೀದಿಯ ಮೀಟರಿನವರೆಗೆ ಬಂದಿದೆ.

ಕಾವಲಿನ ಎಲ್ಲೆ

ಪರೀಕ್ಷಾಮಾಲೆ ಹಸಿರಾದರೆ ಪ್ರೋಗ್ರಾಮು ನಿರ್ದೋಷವೆಂದು ಹೇಳಬಹುದೇ? ಹೇಳಲಾಗದು. ಪರೀಕ್ಷೆಯಿಂದ ತಪ್ಪು ಇದೆಯೆಂದು ತೋರಿಸಬಹುದೇ ಹೊರತು ತಪ್ಪು ಇಲ್ಲವೆಂದು ತೋರಿಸಲಾಗದು ಎಂದು ಡಚ್ ವಿದ್ವಾಂಸ ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರು 1960ರ ದಶಕದ ಕೊನೆಯಲ್ಲಿಯೇ ಎಚ್ಚರಿಸಿದ್ದರು.

1996ರ ಜೂನ್ 4ರಂದು ಯೂರೋಪಿನ ಏರಿಯಾನ್-5 ರಾಕೆಟ್ಟು ತನ್ನ ಮೊದಲ ಹಾರಾಟದಲ್ಲಿಯೇ, ಹೊರಟ ಸುಮಾರು 40 ಸೆಕೆಂಡುಗಳಲ್ಲಿ ನಾಶವಾಯಿತು. ಹಿಂದಿನ ಏರಿಯಾನ್-4ರಲ್ಲಿ ಚೆನ್ನಾಗಿ ನಡೆದಿದ್ದ ಒಂದು ಪ್ರೋಗ್ರಾಮನ್ನೇ ಹೊಸ ರಾಕೆಟ್ಟಿಗೂ ಇಟ್ಟಿದ್ದರು. ಹೊಸದರ ಅಡ್ಡವೇಗ ಹೆಚ್ಚು. ಅದರಿಂದ ಹುಟ್ಟಿದ ದೊಡ್ಡ ಸಂಖ್ಯೆ ಅದಕ್ಕೆಂದು ಇಟ್ಟಿದ್ದ 16 ಅಂಕಸ್ಥಾನಗಳ ಗೂಡಿನಲ್ಲಿ ಹಿಡಿಸಲಿಲ್ಲ. ಆ ಭಾಗವನ್ನು ಹೊಸ ರಾಕೆಟ್ಟಿನ ಹಾರುದಾರಿಯ ಅಂಕಿಗಳಿಂದ ಪರೀಕ್ಷಿಸಿಯೇ ಇರಲಿಲ್ಲವೆಂದು ವಿಚಾರಣೆಯಲ್ಲಿ ತಿಳಿದುಬಂತು. ಹಳೆಯ ಪ್ರಶ್ನೆಗಳಿಗೆ ಸರಿಯಾದ ಉತ್ತರವಿತ್ತು. ಹೊಸ ಪ್ರಶ್ನೆಯನ್ನು ಕೇಳಿದವರಿರಲಿಲ್ಲ.

ಚಾವಡಿಯ ಭಾಗವೂ ಸುಲಭವಾಗಿ ಪರೀಕ್ಷೆಗೆ ಸಿಗುವುದಿಲ್ಲ. ಉಬ್ಬರದ ಮಾಪಕವೇ ಹೂಳಿನಲ್ಲಿ ಸಿಕ್ಕಿಕೊಂಡು ತಪ್ಪು ಅಂಕಿಯನ್ನು ಕಳಿಸಿದರೆ, ಒಳಮನೆಯ ಅತ್ಯಂತ ಶುದ್ಧವಾದ ಫಲನವೂ ತಪ್ಪು ಉತ್ತರವನ್ನೇ ಕೊಡುತ್ತದೆ. ಆದುದರಿಂದ ಯಂತ್ರದ ಲೆಕ್ಕ ಎಷ್ಟೇ ಚೊಕ್ಕವಾಗಿರಲಿ, ಹಡಗಿಗೆ ದಾರಿ ತೋರುವ ಪೈಲಟ್ಟಿನ ಕಣ್ಣಿಗೆ ಬೆಲೆ ಇದ್ದೇ ಇದೆ.

ಇಷ್ಟು ಎಲ್ಲೆಗಳಿದ್ದರೂ, ಪರೀಕ್ಷಾಮಾಲೆಯಿಂದ ಜನರಿಗೆ ಆಗುವ ಒಂದು ಉಪಕಾರವನ್ನು ಹೇಳಲೇಬೇಕು. ಬಿಲ್ಲಿನಲ್ಲಿ ಏನೋ ಹೆಚ್ಚಾಗಿದೆಯೆಂದು ಕಚೇರಿಯ ಕಿಟಕಿಯ ಮುಂದೆ ನಿಂತವರಿಗೆ ‘ಕಂಪ್ಯೂಟರಿನಲ್ಲಿ ಹಾಗೆಯೇ ಬಂದಿದೆ’ ಎಂಬ ಉತ್ತರ ಸಿಗುವುದುಂಟು. ಅದು ಉತ್ತರವಲ್ಲ. ಕಂಪ್ಯೂಟರಿನಲ್ಲಿ ಹಾಗೆ ಬರಲು ಯಾರೋ ಒಂದು ನಿಯಮವನ್ನು ಬರೆದಿರುತ್ತಾರೆ. ಇಂತಿಷ್ಟು ಯೂನಿಟ್ಟಿಗೆ ಇಂತಿಷ್ಟು ಹಣ, ಗಡಿಯಲ್ಲಿ ಬಂದರೆ ಹೀಗೆ, ಹೆಸರು ಕನ್ನಡದಲ್ಲಿದ್ದರೆ ಹೀಗೆ ಎಂಬ ಪರೀಕ್ಷೆಗಳ ಪಟ್ಟಿ ಇದ್ದರೆ, ಆ ನಿಯಮವನ್ನು ಬೆರಳಿಟ್ಟು ತೋರಿಸಬಹುದು. ತಪ್ಪಿದ್ದರೆ ಇಲ್ಲಿ ತಪ್ಪಿದೆ ಎನ್ನಬಹುದು. ನಮ್ಮ ತಕರಾರನ್ನೇ ಇನ್ನೊಂದು ಪರೀಕ್ಷೆಯಾಗಿ ಆ ಪಟ್ಟಿಗೆ ಸೇರಿಸಬಹುದು. ಒಮ್ಮೆ ಸೇರಿತೆಂದರೆ ಅದೇ ತಪ್ಪು ಇನ್ನೊಬ್ಬರ ಮನೆಯ ಬಿಲ್ಲಿನಲ್ಲಿ ನುಸುಳದಂತೆ ಅದು ಹಗಲಿರುಳು ಕಾಯುತ್ತದೆ. ಸಾರ್ವಜನಿಕರ ಹಣವನ್ನೂ ಹೆಸರನ್ನೂ ಲೆಕ್ಕಹಾಕುವ ಪ್ರೋಗ್ರಾಮುಗಳಿಗೆ ಇಂತಹ ಪಟ್ಟಿ ಇದೆಯೇ, ಅದನ್ನು ನೋಡಬಹುದೇ ಎಂದು ಕೇಳುವ ಹಕ್ಕು ನಮ್ಮೆಲ್ಲರಿಗೂ ಇದೆ. ಅದಕ್ಕೆ ಹ್ಯಾಸ್ಕೆಲ್ ಭಾಷೆಯನ್ನು ಕಲಿತಿರಬೇಕಾದ ಅಗತ್ಯವಿಲ್ಲ.